ಕಬ್ಬಿಣ ತಿನ್ನುವ ಆಸಿಡ್ ಕಬ್ಬಿಣದ ಟ್ಯಾಂಕಿನಲ್ಲೇ ಹೇಗೆ ಸಾಗುತ್ತದೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಾಸ್‌ಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಅವರ ಮನೆಗೆ ಹೋಗುವ ದಾರಿಯಲ್ಲಿ ಒಂದು ರೈಲ್ವೆ ಗೇಟು. ಅಲ್ಲಿ ಕಾರು ನಿಂತಾಗಲೆಲ್ಲ ಮುಗಿಯದಷ್ಟು ಉದ್ದದ ಗೂಡ್ಸ್ ರೈಲು ಹೋಗುತ್ತಿತ್ತು. ನಡುನಡುವೆ ಕೆಲವು ಗಿಡ್ಡ ಟ್ಯಾಂಕುಗಳು. ಅವುಗಳ ಮೈಮೇಲೆ ‘ಸಲ್ಫ್ಯೂರಿಕ್ ಆಸಿಡ್’ ಎಂಬ ಬರಹ, ಅರ್ಧ ಬಿಳಿ ಅರ್ಧ ಕಪ್ಪು ಬಣ್ಣದ ಒಂದು ಫಲಕ, ಅದರ ಮೇಲೆ 1830 ಎಂಬ ಸಂಖ್ಯೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಆಸಿಡ್‌ಗೆ ಕಬ್ಬಿಣದ ಮೊಳೆ ಹಾಕಿ ಹೈಡ್ರೋಜನ್ ಗುಳ್ಳೆ ಏಳುವುದನ್ನು ವರ್ಷಾವರ್ಷ ಮಕ್ಕಳಿಗೆ ತೋರಿಸಿದ್ದೇನೆ. ಹಾಗಿರುವಾಗ ಅದೇ ಆಸಿಡ್ ಅನ್ನು ಉಕ್ಕಿನ ಟ್ಯಾಂಕಿನಲ್ಲಿ ತುಂಬಿ ನೂರಾರು ಮೈಲಿ ಒಯ್ಯುವುದು ಹೇಗೆ? ಆ ಟ್ಯಾಂಕುಗಳು ಗಿಡ್ಡ ಏಕೆ? ಅದು ಊರಿನ ನಡುವೆ ಸುರಿದರೆ ಗತಿಯೇನು? ನಮ್ಮಲ್ಲಿ ಇದಕ್ಕೆಲ್ಲ ನಿಯಮ ಇದೆಯೇ?
(ನಿವೃತ್ತ ಶಿಕ್ಷಕಿ, ತಿಪಟೂರು)

ಉತ್ತರ: ನೀವು ಮಕ್ಕಳಿಗೆ ತೋರಿಸಿದ್ದೂ ಸರಿ, ಗೇಟಿನಲ್ಲಿ ಕಂಡದ್ದೂ ಸರಿ, ಮೇಡಂ. ಎರಡಕ್ಕೂ ನಡುವಿನ ವ್ಯತ್ಯಾಸ ಒಂದೇ: ನೀರು.

ಶಾಲೆಯ ಪ್ರಯೋಗಾಲಯದಲ್ಲಿ ನೀವು ಬಳಸಿದ್ದು ನೀರು ಬೆರೆಸಿ ತೆಳುವಾಗಿಸಿದ ಆಸಿಡ್. ರೈಲಿನಲ್ಲಿ ಸಾಗುವುದು ಸಾಮಾನ್ಯವಾಗಿ ಶೇ 93ರಿಂದ 98ರಷ್ಟು ಗಾಢವಾದ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್. ಅದು ಉಕ್ಕನ್ನು ಮುಟ್ಟಿದ ಕೂಡಲೇ ಮೇಲ್ಮೈಯನ್ನು ಒಂದಿಷ್ಟು ತಿನ್ನುತ್ತದೆ, ನಿಜ. ಆದರೆ ಹಾಗೆ ತಿಂದಾಗ ಹುಟ್ಟುವ ಕಬ್ಬಿಣದ ಸಲ್ಫೇಟ್ ಗಾಢ ಆಸಿಡ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ತೆಳ್ಳನೆಯ ಪೊರೆಯಾಗಿ ಲೋಹದ ಮೇಲೆಯೇ ಕೂರುತ್ತದೆ. ಆಮೇಲೆ ಆಸಿಡ್‌ಗೂ ಉಕ್ಕಿಗೂ ನಡುವೆ ಆ ಪೊರೆಯೇ ಅಡ್ಡಗೋಡೆ. ಹಿತ್ತಾಳೆ ಪಾತ್ರೆಗೆ ಕಲಾಯಿಯವನು ಬಂದು ಕಲಾಯಿ ಹಾಕಬೇಕು. ಇಲ್ಲಿ ಆಸಿಡ್ ತಾನೇ ತನ್ನ ಪಾತ್ರೆಗೆ ಕಲಾಯಿ ಹಾಕಿಕೊಳ್ಳುತ್ತದೆ.

ಆದರೆ ಇದು ಬಹಳ ನಾಜೂಕಿನ ಕಲಾಯಿ. ನೀರು ಸೇರಿತೋ, ಪೊರೆ ಕರಗಿ ಹೋಗುತ್ತದೆ. ತೆಳುವಾದ ಆಸಿಡ್ ಉಕ್ಕನ್ನು ನಿಮ್ಮ ಮೊಳೆಯಂತೆಯೇ ತಿನ್ನಲು ತೊಡಗುತ್ತದೆ. ಆಸಿಡ್ ಸಾಗಣೆಯ ನಿಯಮಗಳು ದಪ್ಪ ದಪ್ಪ ಪುಸ್ತಕಗಳಷ್ಟಿವೆ. ಅವುಗಳ ಬುಡದಲ್ಲಿ ಇರುವ ಮಾತು ಒಂದೇ: ಟ್ಯಾಂಕಿನೊಳಗೆ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ ಎಂಬುದು ಆ ಟ್ಯಾಂಕನ್ನು ಮುಟ್ಟುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ನಿಮ್ಮ ಪ್ರಶ್ನೆಗಳನ್ನು ಈ ಎಳೆ ಹಿಡಿದೇ ಒಂದೊಂದಾಗಿ ನೋಡೋಣ.

ಒಂದೊಂದು ಆಸಿಡ್‌ಗೆ ಒಂದೊಂದು ಪಾತ್ರೆ

ಗಾಢ ಗಂಧಕಾಮ್ಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತು. ಟ್ಯಾಂಕಿನ ಮೇಲಿನ ಮುಚ್ಚಳ ಸಡಿಲವಾಗಿದ್ದರೆ ಒಳಗೋಡೆಗೆ ಅಂಟಿದ ಆಸಿಡ್ ಆ ತೇವ ಹೀರಿ ತೆಳುವಾಗುತ್ತದೆ. ಅಲ್ಲಿ ಉಕ್ಕು ಸವೆಯುತ್ತದೆ, ಹೈಡ್ರೋಜನ್ ಹುಟ್ಟುತ್ತದೆ. ಗುಳ್ಳೆಗಳು ಗೋಡೆಗುಂಟ ಒಂದೇ ದಾರಿ ಹಿಡಿದು ಮೇಲೇರುತ್ತ, ದಾರಿಯಲ್ಲಿನ ಪೊರೆಯನ್ನು ಕೆರೆದು ಹಾಕುತ್ತವೆ. ಹೀಗೆ ಗೋಡೆಯಲ್ಲಿ ಉದ್ದುದ್ದ ಗೀರುಗಳು ಬೀಳುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹುಟ್ಟಿದ ಹೈಡ್ರೋಜನ್ ಟ್ಯಾಂಕಿನ ನೆತ್ತಿಯಲ್ಲಿ ಸೇರಿಕೊಂಡಿರುತ್ತದೆ. ಹೀಗಾಗಿ ಉರಿಯದ ಆಸಿಡ್‌ನ ಟ್ಯಾಂಕಿನ ಹತ್ತಿರವೂ ಬೀಡಿ, ಬೆಂಕಿಕಡ್ಡಿ, ವೆಲ್ಡಿಂಗ್ ಯಾವುದೂ ಕೂಡದು. ಆಸಿಡ್‌ಗೆ ಬೆಂಕಿ ಹತ್ತದಿದ್ದರೂ ಅದು ಹುಟ್ಟಿಸಿದ ಅನಿಲಕ್ಕೆ ಹತ್ತುತ್ತದೆ.

ಹೈಡ್ರೋಕ್ಲೋರಿಕ್ ಆಮ್ಲದ ಕಥೆ ಬೇರೆ. ಅದಕ್ಕೆ ಈ ಪೊರೆಯ ಅನುಕೂಲವಿಲ್ಲ. ಉಕ್ಕನ್ನು ಎಡೆಬಿಡದೆ ತಿನ್ನುತ್ತದೆ. ಆದ್ದರಿಂದ ಆ ಟ್ಯಾಂಕಿನ ಒಳಮೈಗೆ ಪೂರ್ತಿಯಾಗಿ ರಬ್ಬರ್ ಹೊದಿಕೆ ಹಾಕುತ್ತಾರೆ. ಹುಣಸೆಹುಳಿಯ ಸಾರನ್ನು ಕಲಾಯಿ ಹೋದ ಪಾತ್ರೆಯಲ್ಲಿ ಮಾಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ ನ್ಯಾಯ. ಕಲಾಯಿ ಸವೆದಿದ್ದನ್ನು ಅಜ್ಜಿಯರು ಕಣ್ಣಿನಲ್ಲೇ ಕಂಡುಕೊಳ್ಳುತ್ತಿದ್ದರು. ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಆಸಿಡ್ ಅದರ ಮೂಲಕ ನುಸುಳಿ ಹಿಂದಿನ ಉಕ್ಕನ್ನು ಟೊಳ್ಳು ಮಾಡಿಬಿಡುತ್ತದೆ. ಅದನ್ನು ಹಿಡಿಯಲು ಅಧಿಕ ವೋಲ್ಟೇಜಿನ ಸಾಧನವೊಂದನ್ನು ಹೊದಿಕೆಯ ಮೇಲೆಲ್ಲ ಆಡಿಸುತ್ತಾರೆ. ತೂತಿದ್ದ ಜಾಗದಲ್ಲಿ ಕಿಡಿ ಹಾರುತ್ತದೆ.

ನೈಟ್ರಿಕ್ ಆಮ್ಲಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್. ತುಂಬಾ ಗಾಢವಾಗಿದ್ದರೆ ಅಲ್ಯೂಮಿನಿಯಮ್ಮೂ ಆಗುತ್ತದೆ. ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ನೀರಿನಂಶವಿಲ್ಲದ ರೂಪದಲ್ಲಿ ಉಕ್ಕಿನ ಟ್ಯಾಂಕಿನಲ್ಲಿ ಸುಮ್ಮನಿರುತ್ತದೆ. ಹಾಗಾಗಿ ‘ಆಸಿಡ್ ಟ್ಯಾಂಕ್’ ಎಂಬ ಒಂದೇ ಬಗೆಯ ಟ್ಯಾಂಕ್ ಇಲ್ಲ. ಒಂದಕ್ಕೆ ಕವಚವಾಗುವ ಲೋಹ ಇನ್ನೊಂದಕ್ಕೆ ತಿಂಡಿ. ತುಂಬುವ ಮೊದಲು ಟ್ಯಾಂಕಿನ ಮೈಮೇಲಿನ ಗುರುತನ್ನೂ, ಹಿಂದೆ ಅದರಲ್ಲಿ ಏನು ಬಂದಿತ್ತು ಎಂಬುದನ್ನೂ ನೋಡಲೇಬೇಕು ಎಂಬ ನಿಯಮ ಬಂದದ್ದು ಇದರಿಂದ.

ಗಿಡ್ಡ ಟ್ಯಾಂಕಿನ ಲೆಕ್ಕ

ನಿಮ್ಮ ಕಣ್ಣು ಸೂಕ್ಷ್ಮವಾಗಿದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಒಂದು ಲೀಟರ್ ಗಾಢ ಗಂಧಕಾಮ್ಲ ಸುಮಾರು 1.84 ಕಿಲೋ ತೂಗುತ್ತದೆ. ಅಮೆರಿಕದಲ್ಲಿ ಇಂಥ ಟ್ಯಾಂಕ್ ಕಾರಿನ (ಟ್ಯಾಂಕ್ ವ್ಯಾಗನ್ನಿನ) ಒಟ್ಟು ತೂಕಕ್ಕೆ ಬಹುಕಾಲದಿಂದ ಇದ್ದ ಮಿತಿ 2,63,000 ಪೌಂಡ್, ಅಂದರೆ ಸುಮಾರು 119 ಟನ್. ಕಚ್ಚಾತೈಲದಂಥ ಹಗುರ ದ್ರವವನ್ನು ಒಂದು ಲಕ್ಷ ಲೀಟರಿಗೂ ಹೆಚ್ಚು ತುಂಬುವ ಟ್ಯಾಂಕುಗಳಿವೆ. ಗಂಧಕಾಮ್ಲವನ್ನು ಅಷ್ಟು ತುಂಬಿದರೆ ಹಳಿ, ಗಾಲಿ, ಸೇತುವೆ ಯಾವುದೂ ತಡೆಯುವುದಿಲ್ಲ. ಅದಕ್ಕೇ ಆಸಿಡ್ ಟ್ಯಾಂಕ್ ಸುಮಾರು 50,000 ಲೀಟರಿನಷ್ಟಕ್ಕೆ ನಿಲ್ಲುತ್ತದೆ. ಅಷ್ಟಕ್ಕೇ ತೊಂಬತ್ತು ಟನ್ ದಾಟುತ್ತದೆ. ದೊಡ್ಡ ಟ್ಯಾಂಕು ಕೊಟ್ಟು ‘ಅರ್ಧವೇ ತುಂಬಿ’ ಎಂದರೆ ಯಾರಾದರೂ ಒಂದು ದಿನ ಮರೆತಾರು. ಅರ್ಧ ತುಂಬಿದ ದ್ರವ ಒಳಗೆ ತುಳುಕಾಡಿ ವ್ಯಾಗನ್ನನ್ನೂ ತೂಗಾಡಿಸುತ್ತದೆ. ಟ್ಯಾಂಕನ್ನೇ ಗಿಡ್ಡ ಮಾಡಿದರೆ ಈ ತಪ್ಪಿಗೆ ಎಡೆಯೇ ಇಲ್ಲ.

ಹಾಗೆಂದು ಕಂಠಮಟ್ಟ ತುಂಬುವುದೂ ತಪ್ಪು. ಬೆಳಗಿನ ತಂಪಿನಲ್ಲಿ ತುಂಬಿದ ದ್ರವ ಮಧ್ಯಾಹ್ನದ ಬಿಸಿಲಿಗೆ ಹಿಗ್ಗುತ್ತದೆ. ಅಮೆರಿಕದ ನಿಯಮದಂತೆ, ಶಾಖನಿರೋಧಕ ಹೊದಿಕೆಯಿಲ್ಲದ ಟ್ಯಾಂಕಿನಲ್ಲಿ ಒಳಗಿನ ದ್ರವ 46 ಡಿಗ್ರಿ ಸೆಲ್ಸಿಯಸ್‌ಗೆ ಕಾದರೂ ಕನಿಷ್ಠ ಶೇ 1ರಷ್ಟು ಜಾಗ ಖಾಲಿ ಉಳಿಯಬೇಕು. ತುಂಬುವ ಹೊತ್ತಿನಲ್ಲಿ ಇರುವ ಉಷ್ಣತೆಯಿಂದ ಮುಂದಕ್ಕೆ ಲೆಕ್ಕ ಹಾಕಿ, ಎಲ್ಲಿಗೆ ನಿಲ್ಲಿಸಬೇಕೆಂದು ಮೊದಲೇ ನಿರ್ಧರಿಸಿರಬೇಕು.

ಇನ್ನೊಂದು ವಿಷಯ ನಿಮಗೆ ಗೇಟಿನಿಂದ ಕಂಡಿರಲಾರದು. ಆ ಟ್ಯಾಂಕಿನ ಹೊಟ್ಟೆಯ ಕೆಳಗೆ ನಲ್ಲಿಯಿಲ್ಲ. ಗಂಧಕಾಮ್ಲಕ್ಕೆ ಬಳಸುವ, ಹಾಗೆಯೇ ರಬ್ಬರ್ ಹೊದಿಸಿದ ಸಾಮಾನ್ಯ ಟ್ಯಾಂಕುಗಳ ತಳದಲ್ಲಿ ಹೊರಬಾಯಿ ಇರಕೂಡದೆಂದು ಅಮೆರಿಕದ ವಿನ್ಯಾಸ ನಿಯಮವೇ ಹೇಳುತ್ತದೆ. ಟ್ಯಾಂಕು ಗಾಲಿಯಿಂದ ಜಾರಿ ಬಿದ್ದರೆ ಮೊದಲು ಮುರಿಯುವುದು ಕೆಳಗೆ ಚಾಚಿಕೊಂಡಿರುವ ನಲ್ಲಿ. ಆಗ ಇಡೀ ಟ್ಯಾಂಕು ಬರಿದಾಗುತ್ತದೆ. ಇಳಿಸುವುದೂ ಮೇಲಿನಿಂದಲೇ. ಒಳಗೆ ತಳದವರೆಗೆ ಒಂದು ಕೊಳವೆ ಇಳಿದಿರುತ್ತದೆ. ಮೇಲಿನಿಂದ ಒಣ ಗಾಳಿಯ ಒತ್ತಡ ಕೊಟ್ಟರೆ ಆಸಿಡ್ ಕೊಳವೆಯಲ್ಲಿ ಏರಿ ಹೊರಬರುತ್ತದೆ.

ಫಲಕ ಏನು ಹೇಳುತ್ತದೆ?

ನೀವು ಕಂಡ ಅರ್ಧ ಬಿಳಿ, ಅರ್ಧ ಕಪ್ಪು ಫಲಕ 8ನೆಯ ವರ್ಗದ ಗುರುತು. ಮೇಲರ್ಧದಲ್ಲಿ ಎರಡು ಪ್ರನಾಳಗಳಿಂದ ದ್ರವ ಸುರಿಯುತ್ತಿರುತ್ತದೆ: ಒಂದು ಕೈಯ ಮೇಲೆ, ಇನ್ನೊಂದು ಲೋಹದ ಪಟ್ಟಿಯ ಮೇಲೆ. ಚರ್ಮವನ್ನೂ ಲೋಹವನ್ನೂ ತಿನ್ನುವ ವಸ್ತು ಎಂದು ಅಕ್ಷರ ಬಾರದವರಿಗೂ ತಿಳಿಯಲೆಂದು ಆ ಚಿತ್ರ. 1830 ಎಂಬುದು ಗಂಧಕಾಮ್ಲಕ್ಕೆ ವಿಶ್ವಸಂಸ್ಥೆಯ ಪದ್ಧತಿಯಲ್ಲಿ ಕೊಟ್ಟ ಸಂಖ್ಯೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ 1789, ನೈಟ್ರಿಕ್ ಆಮ್ಲಕ್ಕೆ 2031, ಹೊಗೆಯಾಡುವ ಗಂಧಕಾಮ್ಲವಾದ ಓಲಿಯಂಗೆ 1831. ಟೆಕ್ಸಾಸ್ ಆಗಲಿ, ಜರ್ಮನಿಯಾಗಲಿ, ನಮ್ಮ ಮಂಗಳೂರಾಗಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಯುರೋಪಿನಲ್ಲಿ ಕಿತ್ತಳೆ ಬಣ್ಣದ ಫಲಕದಲ್ಲಿ ಇದರ ಮೇಲೆ ಇನ್ನೊಂದು ಸಂಖ್ಯೆಯೂ ಇರುತ್ತದೆ. ಅದರ ಮುಂದೆ ‘ಎಕ್ಸ್’ ಅಕ್ಷರ ಕಂಡರೆ ‘ಇದಕ್ಕೆ ನೀರು ತಾಗಿಸಬೇಡಿ’ ಎಂಬ ಎಚ್ಚರಿಕೆ.

ಯಾವುದು ಎಷ್ಟು ಘೋರ ಎಂಬುದಕ್ಕೂ ಅಳತೆಯಿದೆ. ಮೂರು ನಿಮಿಷ ಅಥವಾ ಅದಕ್ಕೂ ಕಡಿಮೆ ಹೊತ್ತು ತಾಗಿ, ಒಂದು ಗಂಟೆಯೊಳಗೆ ಚರ್ಮವನ್ನು ಪೂರ್ಣ ಆಳಕ್ಕೆ ಸುಡುವಂಥದ್ದು ಮೊದಲ ಗುಂಪು. ಮೂರು ನಿಮಿಷದಿಂದ ಒಂದು ಗಂಟೆಯವರೆಗೆ ತಾಗಿದರೆ ಅಷ್ಟು ಹಾನಿ ಮಾಡುವುದು ಎರಡನೆಯ ಗುಂಪು. ಒಂದು ಗಂಟೆಯಿಂದ ನಾಲ್ಕು ಗಂಟೆ ಬೇಕಾಗುವುದು ಮೂರನೆಯದು. ಚರ್ಮಕ್ಕೆ ಅಷ್ಟೇನೂ ಮಾಡದಿದ್ದರೂ 55 ಡಿಗ್ರಿಯಲ್ಲಿ ಉಕ್ಕನ್ನೋ ಅಲ್ಯೂಮಿನಿಯಮನ್ನೋ ವರ್ಷಕ್ಕೆ 6.25 ಮಿಲಿಮೀಟರಿಗಿಂತ ಹೆಚ್ಚು ತಿನ್ನುವ ವಸ್ತುವೂ ಈ ಮೂರನೆಯ ಗುಂಪಿಗೇ ಸೇರುತ್ತದೆ. ಒಂದು ಸಾಮಾನ್ಯ ಟ್ಯಾಂಕಿನ ಉಕ್ಕಿನ ದಪ್ಪವೇ ಹನ್ನೊಂದು ಮಿಲಿಮೀಟರಿನ ಆಸುಪಾಸು. ಎರಡು ವರ್ಷ ಕಣ್ಣು ಮುಚ್ಚಿ ಕೂತರೆ ಏನಾದೀತೆಂದು ನೀವೇ ಭಾಗಿಸಿ ನೋಡಿ. ಅದಕ್ಕೇ ಟ್ಯಾಂಕಿನ ದಪ್ಪವನ್ನು ಆಗಾಗ ಅಳೆಯುತ್ತಾರೆ. ಉಳಿದಿರುವ ದಪ್ಪದಲ್ಲಿ ಇರಲೇಬೇಕಾದ ಕನಿಷ್ಠ ದಪ್ಪವನ್ನು ಕಳೆದು, ವರ್ಷಕ್ಕೆ ಸವೆಯುವ ಪ್ರಮಾಣದಿಂದ ಭಾಗಿಸಿ, ಮುಂದಿನ ತಪಾಸಣೆ ಯಾವಾಗ ಎಂದು ಗೊತ್ತುಮಾಡುತ್ತಾರೆ.

ಅಮೆರಿಕದಲ್ಲಿ ಫಲಕದ ಜೊತೆಗೆ ಕಾಗದವೂ ಓಡಾಡುತ್ತದೆ. ರೈಲಿನ ಸಿಬ್ಬಂದಿಯ ಕೈಯಲ್ಲಿ ಯಾವ ಅಪಾಯಕಾರಿ ಟ್ಯಾಂಕು ಎಷ್ಟನೆಯ ಸ್ಥಾನದಲ್ಲಿದೆ ಎಂಬ ಪಟ್ಟಿ ಇರಬೇಕು. ಫಲಕ ಹೊತ್ತ ತುಂಬಿದ ಟ್ಯಾಂಕನ್ನು, ರೈಲಿನ ಉದ್ದ ಅವಕಾಶ ಕೊಟ್ಟರೆ, ಎಂಜಿನ್ನಿನಿಂದ ಆರನೆಯ ಸ್ಥಾನಕ್ಕಿಂತ ಹತ್ತಿರ ಜೋಡಿಸುವಂತಿಲ್ಲ. ಸೈನೈಡ್ ಲವಣಗಳನ್ನು ಆಸಿಡ್ ಜೊತೆ ಸೇರಿಸುವಂತಿಲ್ಲ. ಎರಡೂ ಸೋರಿ ಬೆರೆತರೆ ಪ್ರಾಣ ತೆಗೆಯುವ ಹೈಡ್ರೋಜನ್ ಸೈನೈಡ್ ಹುಟ್ಟುತ್ತದೆ.

ಅಪಾಯ ಓಡುವಾಗಲ್ಲ, ನಿಂತಾಗ

ಆಸಿಡ್ ರೈಲು ಎಂದರೆ ಹಳಿ ತಪ್ಪಿ ಉರುಳಿದ ವ್ಯಾಗನ್ನುಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಹೆಚ್ಚಿನ ಸೋರಿಕೆಗಳು ಯಾವ ಅಪಘಾತವೂ ಇಲ್ಲದೆ ಆಗುತ್ತವೆ. ಸಡಿಲವಾಗಿ ಉಳಿದ ಒಂದು ಬೋಲ್ಟು, ಹಳೆಯದನ್ನೇ ಮತ್ತೆ ಹಾಕಿದ ಗ್ಯಾಸ್ಕೆಟ್, ಸರಿಯಾಗಿ ಕೂರದ ಮುಚ್ಚಳ. ಟ್ಯಾಂಕಿನ ನೆತ್ತಿಯಲ್ಲಿ ಒತ್ತಡ ಮೀರಿದಾಗ ಒಡೆಯಲೆಂದೇ ಇಟ್ಟ ತೆಳುಬಿಲ್ಲೆಯೊಂದು ಇರುತ್ತದೆ. ವ್ಯಾಗನ್ನುಗಳನ್ನು ತಳ್ಳಿ ಜೋಡಿಸುವ ಶಂಟಿಂಗ್‌ನ ಹೊಡೆತಕ್ಕೆ ಒಳಗಿನ ದ್ರವ ಅಲೆಯೆದ್ದು ಬಡಿದರೆ ಅದು ಅಕಾಲದಲ್ಲೇ ಒಡೆಯುತ್ತದೆ. ಒಡೆದದ್ದನ್ನು ನೋಡದೆ ಟ್ಯಾಂಕು ತುಂಬಿ ಕಳಿಸಿದರೆ ದಾರಿಯುದ್ದಕ್ಕೂ ಆಸಿಡ್ ಚಿಮ್ಮುತ್ತ ಹೋಗುತ್ತದೆ.

1993ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಆದದ್ದೂ ನಿಂತ ಟ್ಯಾಂಕಿನಿಂದಲೇ. ಕಾರ್ಖಾನೆಯೊಂದರ ಸೈಡಿಂಗಿನಲ್ಲಿ ಓಲಿಯಂ ತುಂಬಿದ ಟ್ಯಾಂಕ್ ಕಾರ್ ನಿಂತಿತ್ತು. ಅದನ್ನು ಇಳಿಸಲು ಅನುಕೂಲವಾಗಲೆಂದು ಬಿಸಿ ಮಾಡುತ್ತಿದ್ದರು. ಬಿಸಿ ಮಿತಿ ಮೀರಿತು, ಒತ್ತಡ ಏರಿತು, ಸುರಕ್ಷಾ ಬಿಲ್ಲೆ ಒಡೆಯಿತು. ಹೊರಬಂದ ಸಲ್ಫರ್ ಟ್ರೈಆಕ್ಸೈಡ್ ಗಾಳಿಯ ತೇವದೊಂದಿಗೆ ಸೇರಿ ಗಂಧಕಾಮ್ಲದ ಮಂಜಾಗಿ ಊರಿನ ಮೇಲೆ ಹರಡಿತು. ಕಣ್ಣುರಿ, ಎದೆಯುರಿ ಎಂದು ಚಿಕಿತ್ಸೆ ಕೇಳಿ ಬಂದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಹಳಿ ಸರಿಯಿತ್ತು, ಗಾಲಿ ಸರಿಯಿತ್ತು. ಟ್ಯಾಂಕಿನೊಳಗೆ ಆಗುತ್ತಿದ್ದುದು ಹೊರಗಿದ್ದವರಿಗೆ ತಿಳಿಯಲಿಲ್ಲ, ಅಷ್ಟೇ.

1995ರ ಅಕ್ಟೋಬರ್ 23ರಂದು ಲೂಸಿಯಾನಾದ ಬೋಗಲೂಸಾದಲ್ಲಿ ಇನ್ನೊಂದು. ಅಲ್ಲಿ ಟ್ಯಾಂಕಿನಲ್ಲಿದ್ದದ್ದು ನೈಟ್ರೋಜನ್ ಟೆಟ್ರಾಕ್ಸೈಡ್. ಒಣಗಿದ್ದಷ್ಟು ಹೊತ್ತೂ ಅದು ಟ್ಯಾಂಕಿನ ಲೋಹಕ್ಕೆ ತೊಂದರೆ ಕೊಡುವುದಿಲ್ಲ. ಆದರೆ ಒಳಗೆ ನೀರು ಸೇರಿತ್ತು. ನೀರು ಸೇರಿ ನೈಟ್ರಿಕ್ ಆಮ್ಲವಾಯಿತು, ಆ ಆಮ್ಲ ಟ್ಯಾಂಕನ್ನು ಒಳಗಿನಿಂದ ಕೊರೆಯಿತು. ಟ್ಯಾಂಕು ಬಿರಿದಾಗ ಕೆಂಗಂದು ಹೊಗೆ ಊರನ್ನು ಮುಚ್ಚಿತು; ಸುಮಾರು 3,000 ಜನ ಮನೆ ಬಿಟ್ಟು ಹೋಗಬೇಕಾಯಿತು. ಫಲಕದಲ್ಲಿ ಬರೆದದ್ದು ಒಂದು ವಸ್ತು. ಟ್ಯಾಂಕಿನೊಳಗೆ ಹುಟ್ಟಿದ್ದು ಬೇರೆಯೇ.

ಇವೆಲ್ಲ ನೆನಪಿದ್ದರೆ ಇಳಿಸುವ ಕಟ್ಟೆಯ ನಿಯಮಗಳು ಸುಮ್ಮನೆ ಬರೆದವಲ್ಲ ಎಂದು ತಿಳಿಯುತ್ತದೆ. ಟ್ಯಾಂಕು ನಿಂತ ಮೇಲೆ ಬ್ರೇಕ್ ಹಾಕಿ ಗಾಲಿಗೆ ಅಡ್ಡಗಟ್ಟೆ ಕೊಡಬೇಕು. ‘ನಿಲ್ಲಿ, ಟ್ಯಾಂಕ್ ಕಾರಿಗೆ ಪೈಪು ಜೋಡಿಸಿದೆ’ ಎಂಬ ಅರ್ಥದ ಫಲಕವನ್ನು ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ ಹಳಿಯ ತೆರೆದ ಬದಿಗೆ ನಿಲ್ಲಿಸಬೇಕು. ಇಲ್ಲದಿದ್ದರೆ ಎಂಜಿನ್ನೊಂದು ಬಂದು ಪೈಪು ಜೋಡಿಸಿದ ಟ್ಯಾಂಕನ್ನೇ ದೂಡೀತು. ಮುಚ್ಚಳ ಬಿಚ್ಚುವ ಮೊದಲು ಒಳಗಿನ ಒತ್ತಡವನ್ನು ನಿಧಾನವಾಗಿ ಬಿಡಬೇಕು. ಬೋಲ್ಟುಗಳನ್ನು ಸುತ್ತಲೂ ಸರದಿಯಲ್ಲಿ ಬಿಗಿಯುತ್ತ ಹೋಗದೆ, ಎದುರುಬದುರು ಬಿಗಿಯಬೇಕು. ಆಗ ಗ್ಯಾಸ್ಕೆಟ್ ಸಮನಾಗಿ ಕೂರುತ್ತದೆ. ಆಸಿಡ್ ಹರಿಯುವಷ್ಟು ಹೊತ್ತೂ ಕಾವಲು ಇರಬೇಕು. ಮುಖ ಪೂರ್ತಿ ಮುಚ್ಚುವ ಕವಚ, ಆಸಿಡ್ ತಡೆಯುವ ಕೈಗವಸು, ಏಪ್ರನ್, ಬೂಟು; ಪ್ಯಾಂಟಿನ ಕಾಲು ಬೂಟಿನೊಳಗೆ ತೂರಿಸದೆ ಹೊರಗೆ ಇಳಿಬಿಟ್ಟಿರಬೇಕು, ತೂರಿಸಿದರೆ ಸುರಿದ ಆಸಿಡ್‌ಗೆ ಬೂಟೇ ಬಾವಿಯಾಗುತ್ತದೆ. ಕಣ್ಣು ತೊಳೆಯುವ ನೀರು ಹತ್ತು ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರದಲ್ಲಿರಬೇಕು, ಕನಿಷ್ಠ ಹದಿನೈದು ನಿಮಿಷ ಹರಿಯುವಂತಿರಬೇಕು. ಟ್ಯಾಂಕಿನೊಳಗೆ ಹನಿ ನೀರೂ ಕೂಡದು, ಮನುಷ್ಯನ ಮೈಗೆ ಮಾತ್ರ ಧಾರಾಳವಾಗಿ ನೀರು. ಈ ಎರಡನ್ನೂ ಒಟ್ಟಿಗೆ ನೆನಪಿಡುವುದೇ ಆಸಿಡ್ ಕೆಲಸದವರ ಮೊದಲ ಪಾಠ.

‘ತೊಳೆದಿದ್ದೀರಾ?’

ಹರೆಯದಲ್ಲಿ ನಾನು ಒಂದು ಕಾರ್ಖಾನೆಯ ಆಸಿಡ್ ಇಳಿಸುವ ಕಟ್ಟೆಯಲ್ಲಿ ಕೆಲವು ಕಾಲ ಕೆಲಸ ಕಲಿತೆ. ಅಲ್ಲಿ ನನಗೆ ಕೈಹಿಡಿದು ಕಲಿಸಿದ ಹಿರಿಯ ಆಪರೇಟರ್ ಒಬ್ಬರಿದ್ದರು. ಓದಿದ್ದು ಕಡಿಮೆ, ಆಸಿಡ್ ಅನ್ನು ಮಾತ್ರ ಅವರಷ್ಟು ಬಲ್ಲವರನ್ನು ನಾನು ಆಮೇಲೆ ಕಂಡಿಲ್ಲ. ಮೊದಲ ವಾರದಲ್ಲೇ ಹೇಳಿದರು: “ಟ್ಯಾಂಕು ಖಾಲಿ ಅಂತ ಯಾರಾದ್ರೂ ಹೇಳಿದ್ರೆ ಸರಿ ಅಂತ ತಲೆ ಆಡಿಸ್ಬೇಡಿ ಸಾರ್. ತೊಳೆದಿದ್ದೀರಾ ಅಂತ ಕೇಳಿ.”

ಆ ಮಾತಿನ ಬೆಲೆ ತಿಳಿದದ್ದು ಮನೆಯಲ್ಲಿ. ಕೆಲಸದ ಹತ್ತಿಯ ಪ್ಯಾಂಟು ಒಗೆಯಲು ಹಾಕಿದಾಗ ಚೆನ್ನಾಗಿಯೇ ಇತ್ತು. ಒಗೆದು ಹಿಂಡಿದಾಗ ಮೊಣಕಾಲಿನ ಹತ್ತಿರ ಸಾಲು ಸಾಲು ತೂತು. ‘ಖಾಲಿ’ ಎಂದು ಹೇಳಿದ್ದ ಹೋಸ್ ಪೈಪನ್ನು ಆ ದಿನ ನಾನು ಎತ್ತಿಟ್ಟಿದ್ದೆ. ತುದಿಯಲ್ಲಿದ್ದ ನಾಲ್ಕೈದು ಹನಿಗಳು ಬಟ್ಟೆಯ ಮೇಲೆ ಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಚರ್ಮಕ್ಕೆ ತಾಗದೆ ಉಳಿದದ್ದು ಅದೃಷ್ಟ; ಅದೃಷ್ಟವನ್ನು ನಂಬಿ ಯಾರೂ ಆಸಿಡ್ ಕೆಲಸ ಮಾಡಬಾರದು.

ಆ ಹಿರಿಯರ ಮಾತು ಕಾನೂನಿನಲ್ಲೂ ಇದೆ. ಇಳಿಸಿದ ಮೇಲೂ ಟ್ಯಾಂಕಿನ ತಳದಲ್ಲಿ ಆಸಿಡ್ ಉಳಿದಿರುತ್ತದೆ, ನೆತ್ತಿಯಲ್ಲಿ ಹೈಡ್ರೋಜನ್ ಇರಬಹುದು. ಆದ್ದರಿಂದ ತೊಳೆದು ಶುಚಿ ಮಾಡುವ ತನಕ ಅದು ‘ಖಾಲಿ’ ಅಲ್ಲ; ಫಲಕವನ್ನು ತೆಗೆಯುವಂತಿಲ್ಲ, ತುಂಬಿದ ಟ್ಯಾಂಕಿನಂತೆಯೇ ಮುಚ್ಚಿ ಬಿಗಿಯಬೇಕು. ಗೇಟಿನಲ್ಲಿ ನೀವು ಕಂಡ ಟ್ಯಾಂಕುಗಳಲ್ಲಿ ಕೆಲವು ಹೀಗೆ ‘ಖಾಲಿ’ಯಾಗಿ ಮರಳುತ್ತಿದ್ದವೂ ಇರಬಹುದು.

ಊರ ನಡುವೆ ಸುರಿದರೆ?

1983ರ ಏಪ್ರಿಲ್ 3, ಈಸ್ಟರ್ ಭಾನುವಾರ. ಅಮೆರಿಕದ ಡೆನ್ವರ್ ನಗರದ ರೈಲ್ವೆ ಯಾರ್ಡಿನಲ್ಲಿ ಶಂಟಿಂಗ್ ನಡೆಯುವಾಗ ನೈಟ್ರಿಕ್ ಆಮ್ಲದ ಟ್ಯಾಂಕಿಗೆ ತೂತು ಬಿತ್ತು. ಹತ್ತಾರು ಸಾವಿರ ಲೀಟರ್ ಆಮ್ಲ ಸುರಿದು ಹೊಗೆಯ ಮೋಡವೆದ್ದಿತು. ಸುಮಾರು 9,000 ಜನರನ್ನು ಬೇರೆಡೆಗೆ ಕಳಿಸಬೇಕಾಯಿತು. ಆಮ್ಲವನ್ನು ತಣಿಸಲು ಸೋಡಾ ಆಶ್ ಬೇಕು. ಅದೇ ನಮ್ಮ ಮನೆಯ ವಾಷಿಂಗ್ ಸೋಡಾ ಕುಲದ್ದು. ಆದರೆ ಹೊಗೆಯ ನಡುವೆ ಅಷ್ಟು ಪುಡಿಯನ್ನು ಎರಚುವುದು ಹೇಗೆ? ಹಿಮ ಎತ್ತಿ ದೂರಕ್ಕೆ ಬೀಸುವ ಯಂತ್ರವನ್ನು ತಂದು ಅದರಿಂದ ಎರಚಿದರು. ಹಿಮ ಬೀಳುವ ಊರಿಗೆ ಹೊಳೆಯಬಹುದಾದ ಉಪಾಯ.

ಟ್ಯಾಂಕಿಗೆ ಹೀಗೆ ತೂತು ಬೀಳಲು ದೊಡ್ಡ ವೇಗ ಬೇಡ. ಪಕ್ಕದ ವ್ಯಾಗನ್ನಿನ ಕಪ್ಲರ್, ಅಂದರೆ ಜೋಡಣೆಯ ಕೊಂಡಿ, ಮೇಲೆದ್ದು ಗುದ್ದಿದರೆ ಸಾಕು. ಅದಕ್ಕೇ 1970ರ ದಶಕದಿಂದ ಅಮೆರಿಕದ ಟ್ಯಾಂಕ್ ಕಾರುಗಳಿಗೆ ಮೇಲೂ ಕೆಳಗೂ ತಡೆತುಟಿಯಿರುವ ಕಪ್ಲರ್‌ಗಳು ಬಂದವು. ಹೊಡೆತ ಬಿದ್ದರೂ ಒಂದರಿಂದೊಂದು ಕಳಚಿ ಮೇಲೇಳುವುದಿಲ್ಲ.

ಸುರಿದಾಗ ಮೊದಲ ಕೆಲಸ ಏನು? ಅಗ್ನಿಶಾಮಕ ದಳದವರು ಬಳಸುವ ಉತ್ತರ ಅಮೆರಿಕದ ತುರ್ತು ಕೈಪಿಡಿಯಲ್ಲಿ 1830ನ್ನು ಹುಡುಕಿದರೆ 137ನೆಯ ಮಾರ್ಗಸೂಚಿಗೆ ಕಳಿಸುತ್ತದೆ: ನೀರಿನೊಡನೆ ಕೆರಳುವ ದಹಕ ವಸ್ತುಗಳು. ದ್ರವ ಚೆಲ್ಲಿದ್ದರೆ ಕೂಡಲೇ ಎಲ್ಲ ದಿಕ್ಕಿಗೂ ಕನಿಷ್ಠ 50 ಮೀಟರ್ ಜನರನ್ನು ದೂರ ಇಡಬೇಕು. ಟ್ಯಾಂಕೇ ಬೆಂಕಿಗೆ ಸಿಕ್ಕಿದ್ದರೆ 800 ಮೀಟರ್. ಸೋರುವ ಬಾಯಿಗೆ ನೀರು ಬಿಡಬಾರದು. ಗಾಢ ಗಂಧಕಾಮ್ಲಕ್ಕೆ ನೀರು ಬಿದ್ದರೆ ಆ ನೀರು ಕುದಿದು ಆಸಿಡ್ ಅನ್ನೂ ಹೊತ್ತು ಸಿಡಿಯುತ್ತದೆ. ಮಣ್ಣು, ಮರಳಿನಿಂದ ಕಟ್ಟೆ ಕಟ್ಟಿ ಚರಂಡಿಗೂ ಹೊಳೆಗೂ ಹೋಗದಂತೆ ತಡೆದು, ಬಳಿಕ ಸುಣ್ಣ ಅಥವಾ ಸೋಡಾ ಆಶ್ ಹಾಕಿ ನಿಧಾನವಾಗಿ ತಣಿಸಬೇಕು.

ನೀರೇ ಎದುರಾಗಿ ಬಂದರೆ? 2015ರ ಡಿಸೆಂಬರ್ 27ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಜೂಲಿಯಾ ಕ್ರೀಕ್ ಎಂಬ ಪುಟ್ಟ ಊರಿನ ಹತ್ತಿರ ಹಾಗೇ ಆಯಿತು. ಮಳೆಯ ಪ್ರವಾಹ ಹಳಿಯ ಬುಡವನ್ನು ಕೊರೆದಿತ್ತು. ಗಂಧಕಾಮ್ಲ ತುಂಬಿದ 26 ವ್ಯಾಗನ್ನುಗಳ ರೈಲು ಹಳಿ ತಪ್ಪಿತು; ಒಟ್ಟು ಹೊತ್ತದ್ದು 8 ಲಕ್ಷ ಲೀಟರಿಗೂ ಹೆಚ್ಚು. ರಸ್ತೆಗಳೂ ನೀರಿನಲ್ಲಿ ಮುಳುಗಿ ರಕ್ಷಣಾ ತಂಡಕ್ಕೆ ಸ್ಥಳ ಮುಟ್ಟುವುದೇ ಕಷ್ಟವಾಯಿತು. ಟ್ಯಾಂಕು ಎಷ್ಟೇ ಚೆನ್ನಾಗಿದ್ದರೂ ಹಳಿಯನ್ನು ಕಾಯದಿದ್ದರೆ ಕೆಲಸ ಅರ್ಧವೇ. ನಮ್ಮ ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಹಳಿಗುಂಟ ಟಾರ್ಚು ಹಿಡಿದು ನಡೆಯುವ ಗಸ್ತಿನವರ ಕೆಲಸದ ಘನತೆ ಇಂಥ ಹೊತ್ತಿನಲ್ಲಿ ಅರ್ಥವಾಗುತ್ತದೆ.

ನಮ್ಮ ನಿಯಮ, ನಮ್ಮ ಚೀಲ

ನಮ್ಮಲ್ಲೂ ನಿಯಮಗಳಿವೆ. ರೈಲಿನಲ್ಲಿ ಅಪಾಯಕಾರಿ ಸರಕು ಸಾಗಿಸುವ ವಿಧಿಗಳನ್ನೆಲ್ಲ ‘ರೆಡ್ ಟ್ಯಾರಿಫ್’ ಎಂಬ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಸರಕುಗಳನ್ನು ಎಂಟು ವರ್ಗವಾಗಿ ವಿಂಗಡಿಸಿದ್ದಾರೆ: ಸ್ಫೋಟಕಗಳು ಮೊದಲನೆಯವು, ಆಸಿಡ್ ಮತ್ತಿತರ ದಹಕಗಳು ಎಂಟನೆಯವು. 1989ರ ರೈಲ್ವೆ ಕಾಯ್ದೆಯ 67ನೆಯ ಸೆಕ್ಷನ್ ಪ್ರಕಾರ ಅಪಾಯಕಾರಿ ಸರಕು ತರುವವರು ಅದರ ಗುಣವನ್ನು ರೈಲ್ವೆಯ ಅಧಿಕೃತ ನೌಕರರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪೊಟ್ಟಣದ ಹೊರಗೂ ಸ್ಪಷ್ಟವಾಗಿ ಗುರುತು ಮಾಡಬೇಕು. ಮುಚ್ಚಿಟ್ಟು ತಂದರೆ 164ನೆಯ ಸೆಕ್ಷನ್: ಮೂರು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ, ಆದ ನಷ್ಟವನ್ನೂ ಅವರೇ ತುಂಬಬೇಕು.

ಓಲಿಯಂ ನಮ್ಮ ನ್ಯಾಯಶಾಸ್ತ್ರದಲ್ಲೂ ಒಂದು ಗುರುತು ಬಿಟ್ಟಿದೆ. ಭೋಪಾಲ್ ದುರಂತಕ್ಕೆ ಒಂದು ವರ್ಷ ತುಂಬಿದ ಮರುದಿನಗಳಲ್ಲೇ, 1985ರ ಡಿಸೆಂಬರ್ 4ರಂದು, ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಅದು ರೈಲಿನದಲ್ಲ, ಕಾರ್ಖಾನೆಯ ಸೋರಿಕೆ. ಆದರೆ ಆ ಮೊಕದ್ದಮೆಯಲ್ಲಿ 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಕೊಟ್ಟ ತೀರ್ಪು ದೇಶದ ದಾರಿ ಬದಲಿಸಿತು. ಅಪಾಯಕಾರಿ ಉದ್ಯಮ ನಡೆಸುವವರಿಂದ ಜನರಿಗೆ ಹಾನಿಯಾದರೆ ‘ನಾವು ಎಲ್ಲ ಎಚ್ಚರಿಕೆ ತೆಗೆದುಕೊಂಡಿದ್ದೆವು’ ಎಂಬ ಸಮರ್ಥನೆ ನಡೆಯುವುದಿಲ್ಲ. ಹೊಣೆ ಪೂರ್ಣವಾಗಿ ಅವರದೇ ಎಂದು ಕೋರ್ಟು ಹೇಳಿತು. ಒಳಗೇನಿದೆ ಎಂದು ಬಲ್ಲವರು ಅವರು. ಬೇಲಿಯಾಚೆ ಉಸಿರಾಡುವವರಿಗೆ ಅದು ಗೊತ್ತಿರುವುದಿಲ್ಲ. ಬಲ್ಲವರೇ ಹೊಣೆ ಹೊರಬೇಕೆಂಬ ನ್ಯಾಯ ಸರಿಯೆಂದೇ ನನ್ನ ನಂಬಿಕೆ.

ಕೊನೆಯಲ್ಲಿ ನಮ್ಮಂಥವರಿಗೂ ಸಂಬಂಧಿಸಿದ ಒಂದು ಮಾತು. ಹಬ್ಬಕ್ಕೆ ಊರಿಗೆ ಹೋಗುವಾಗ ಹಳೆಮನೆಯ ಬಚ್ಚಲು ತಿಕ್ಕಲೆಂದು ಒಂದು ಬಾಟಲಿ ಆಸಿಡ್ ಅನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತುವವರನ್ನು ನಾನು ಕಂಡಿದ್ದೇನೆ. ಅದು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವೇ. ಟ್ಯಾಂಕಿಗಾದರೆ ರಬ್ಬರ್ ಹೊದಿಕೆ, ಫಲಕ, ಸಂಖ್ಯೆ, ಕಾವಲು. ಚೀಲದೊಳಗಿನ ಬಾಟಲಿಗೆ ಒಂದು ಸಡಿಲ ಮುಚ್ಚಳ, ಅಷ್ಟೇ. ಅದು ಸೀಟಿನ ಕೆಳಗೆ ಉರುಳುವಾಗ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ ಮಗುವಿಗೆ ಅದರಲ್ಲಿ ಏನಿದೆಯೆಂದು ಯಾರೂ ಹೇಳಿರುವುದಿಲ್ಲ. ಆ ಬಾಟಲಿ ಊರಿನ ಅಂಗಡಿಯಲ್ಲೇ ಸಿಗುತ್ತದೆ, ದಯವಿಟ್ಟು ರೈಲಿನಲ್ಲಿ ಒಯ್ಯಬೇಡಿ.

ನಿಮ್ಮ ಮೊಮ್ಮಗು ದೊಡ್ಡದಾಗಿ ಅದೇ ಗೇಟಿನಲ್ಲಿ ನಿಂತು ‘ಅಜ್ಜಿ, ಆ ಗಿಡ್ಡ ಟ್ಯಾಂಕಿನಲ್ಲಿ ಏನಿದೆ?’ ಎಂದು ಕೇಳಿದರೆ ನೀವೀಗ ಹೇಳಬಲ್ಲಿರಿ. 1830 ಎಂಬ ಸಂಖ್ಯೆ ತೋರಿಸಿ, ಮೊಳೆಯ ಪ್ರಯೋಗ ನೆನಪಿಸಿ, ಹನಿ ನೀರಿನಿಂದ ಆಗುವ ವ್ಯತ್ಯಾಸವನ್ನು ವಿವರಿಸಿ. ಆಮೇಲೆ ನನ್ನ ಗುರುಗಳ ಪ್ರಶ್ನೆಯನ್ನೂ ಕಲಿಸಿ. ಯಾರಾದರೂ ‘ಖಾಲಿ’ ಎಂದರೆ, ‘ತೊಳೆದಿದ್ದೀರಾ?’ ಎಂದು ಕೇಳಲಿ.